ಹುಲ್ಲು ಮುಟ್ಟದ ಮೊಲಕ್ಕೆ ಊಟದ ರೂಢಿ

“ನಮ್ಮ ಮೊಲ ಹುಲ್ಲು ಮೂಸಿಯೂ ನೋಡುವುದಿಲ್ಲ, ಬಿಸ್ಕತ್ತಿನ ಪೊಟ್ಟಣದ ಸದ್ದು ಕೇಳಿದರೆ ಓಡಿ ಬರುತ್ತದೆ.” ಹೊಸದಾಗಿ ಮೊಲ ಸಾಕಿದವರ ಮೊದಲ ದೂರು ಸಾಮಾನ್ಯವಾಗಿ ಇದೇ. ದೂರು ನಿಜ, ತಪ್ಪು ಮಾತ್ರ ಮೊಲದ್ದಲ್ಲ. ಊಟಕ್ಕೆ ಮುಂಚೆ ಕೋಡುಬಳೆ ತಿಂದ ಮಗು ಸಾರನ್ನ ಬೇಡ ಎನ್ನುತ್ತದಲ್ಲ, ಇದೂ ಹಾಗೆಯೇ. ಮೊದಲು ತಟ್ಟೆಯನ್ನು ಸರಿಮಾಡೋಣ.

ಮೊಲಕ್ಕೆ ಹುಲ್ಲೇ ಊಟ, ಉಳಿದದ್ದೆಲ್ಲ ನಂಚಿಕೊಳ್ಳುವುದಕ್ಕೆ. ದಿನದ ಆಹಾರದಲ್ಲಿ ನೂರಕ್ಕೆ 80 ಪಾಲಾದರೂ ಹುಲ್ಲಿರಬೇಕು. ಕಾರಣ ಹಲ್ಲಿನಲ್ಲಿದೆ, ಹೊಟ್ಟೆಯಲ್ಲೂ ಇದೆ. ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಉದ್ದವಾಗುತ್ತದೆ. ದವಡೆಯನ್ನು ಅಡ್ಡಡ್ಡ ಆಡಿಸಿ ಹುಲ್ಲು ಅರೆದಾಗಲೇ ದವಡೆಹಲ್ಲು ಸರಿಯಾಗಿ ಸವೆಯುವುದು. ಸವೆಯದಿದ್ದರೆ ಅಂಚು ಚೂಪಾಗಿ ನಾಲಗೆಗೆ, ಕೆನ್ನೆಗೆ ಚುಚ್ಚುತ್ತದೆ. ಇನ್ನು ಹೊಟ್ಟೆಯ ಮಾತು: ಕರುಳು ನಿಲ್ಲದೆ ಚಲಿಸಲು ಒರಟು ನಾರು ಬೇಕೇ ಬೇಕು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೆ ಸಾಗಲೇಬೇಕು.

ಆಹಾರ ಒಗ್ಗುತ್ತಿದೆಯೇ ಎಂದು ತಿಳಿಯಲು ಹಿಕ್ಕೆ ನೋಡಿ. ಒಂದನ್ನು ಬೆರಳಲ್ಲಿ ಹಿಸುಕಿದರೆ ಒಣಹುಲ್ಲಿನ ಪುಡಿಯಂತೆ ಉದುರಬೇಕು. ಸಣ್ಣಗೆ, ಕಪ್ಪಗೆ, ಕಲ್ಲಿನಂತಿದ್ದರೆ ನಾರೋ ನೀರೋ ಸಾಲದು. ಇನ್ನೊಂದು ಬಗೆಯಿದೆ: ಮೆತ್ತಗೆ, ಹೊಳೆಯುತ್ತಾ, ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡಿರುವುದು. ಅದನ್ನು ಮೊಲ ಹೊರಬರುವಾಗಲೇ ತಿಂದುಬಿಡುತ್ತದೆ. ಹೇಸಬೇಡಿ, ಬೈಯಲೂ ಬೇಡಿ. ಅದರಲ್ಲಿ ಬಿ ಜೀವಸತ್ವವಿದೆ, ಪ್ರೋಟೀನಿದೆ. ಆದರೆ ಅದು ದಿನವೂ ನೆಲದ ಮೇಲೆ ಉಳಿಯುತ್ತಿದ್ದರೆ, ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತಿದ್ದರೆ ಪೆಲೆಟ್ಟು (ಅಂಗಡಿಯ ಗುಳಿಗೆಯಂಥ ಒಣ ಆಹಾರ), ಸಿಹಿ ಹೆಚ್ಚಾಗಿದೆ ಎಂದೇ ಲೆಕ್ಕ.

ಅಂಗಡಿಯಲ್ಲಿ ಸಿಗುವ ವಿದೇಶಿ ಟಿಮೊತಿ ಹುಲ್ಲು ಒಳ್ಳೆಯದೇ, ಬೆಲೆ ಮಾತ್ರ ಜಾಸ್ತಿ. ನಮ್ಮ ಗರಿಕೆ, ಗಿನಿ ಹುಲ್ಲು, ರೋಡ್ಸ್ ಹುಲ್ಲೂ ನಡೆಯುತ್ತವೆ. ನೆರಳಲ್ಲಿ ಒಣಗಿದ, ಇನ್ನೂ ಹಸಿರು ಬಣ್ಣ ಉಳಿದ, ಘಮ ಇರುವ ಹುಲ್ಲನ್ನು ಆರಿಸಿ. ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಬತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ಹಾಸಲು ಸಾಕು. ಕುದುರೆ ಮೆಂತೆ, ಅಂದರೆ ಲೂಸರ್ನ್, ಆರು ತಿಂಗಳೊಳಗಿನ ಮರಿಗಳಿಗೆ ಸರಿ. ದೊಡ್ಡವಕ್ಕೆ ಅದರ ಸುಣ್ಣದ ಅಂಶವೂ ಪ್ರೋಟೀನೂ ಅತಿಯಾಗುತ್ತವೆ.

ಈಗ ಹಟಮಾರಿ ಮೊಲಕ್ಕೆ ಬರೋಣ. “ಹಸಿವಾದರೆ ತಾನೇ ತಿನ್ನುತ್ತದೆ” ಎಂದು ಉಪವಾಸ ಕೆಡವಬೇಡಿ. ನಾಯಿಯ ಲೆಕ್ಕ ಮೊಲಕ್ಕೆ ಹಾಕಬಾರದು. ಹೊಟ್ಟೆ ಖಾಲಿ ಬಿದ್ದರೆ ಕರುಳೇ ನಿಂತುಹೋಗುತ್ತದೆ. ಬಿಸ್ಕತ್ತು, ಬ್ರೆಡ್ಡು, ಅನ್ನ, ಬಣ್ಣಬಣ್ಣದ ಕಾಳಿನ ಮಿಶ್ರಣ, ಇವನ್ನು ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾ ನಿಲ್ಲಿಸಿ. ಆ ಮಿಶ್ರಣದ ಮೇಲೆ ನನಗಂತೂ ಸಿಟ್ಟಿದೆ: ಮೊಲ ರುಚಿಯದ್ದನ್ನು ಆಯ್ದು ತಿಂದು ನಾರಿನದನ್ನು ಬಿಡುತ್ತದೆ, ನಾವು ಬಟ್ಟಲು ಮತ್ತೆ ತುಂಬುತ್ತೇವೆ. ಒಂದೇ ಬಗೆಯ ಪೆಲೆಟ್ಟನ್ನೂ ಕೊನೆಗೆ ದೇಹತೂಕದ ಕಿಲೋಗೆ ದಿನಕ್ಕೆ 25 ಗ್ರಾಂ ಮೀರದಂತೆ ಇಳಿಸಿ. ಈ ಅವಧಿಯಲ್ಲಿ ವಾರಕ್ಕೊಮ್ಮೆ ತೂಕ ನೋಡುವುದು ಒಳ್ಳೆಯದು.

ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಅದರ ಕಕ್ಕಸಿನ ತಟ್ಟೆಯ ಒಂದು ಬದಿಗೆ ಹುಲ್ಲು ತುಂಬಿಸಿ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ನಾಲ್ಕೆಸಳು ಕೊತ್ತಂಬರಿ ಹುದುಗಿಸಿಟ್ಟರೆ ಹುಡುಕುವ ನೆಪದಲ್ಲಿ ಹುಲ್ಲೂ ಬಾಯಿಗೆ ಹೋಗುತ್ತದೆ. ಮುಂಜಾನೆ, ಮುಸ್ಸಂಜೆ ಅದಕ್ಕೆ ಚುರುಕಿನ ಹೊತ್ತು. ಹೊಸ ಹುಲ್ಲು ಆಗಲೇ ಹಾಕಿ.

ಸೊಪ್ಪಿನಲ್ಲಿ ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪು ಆಗುತ್ತವೆ, ಪಾಲಕ್ ಅಪರೂಪಕ್ಕೆ. ಚೆನ್ನಾಗಿ ತೊಳೆದು, ಒಂದು ಸಲಕ್ಕೆ ಒಂದೇ ಹೊಸ ಸೊಪ್ಪು ಕೊಡಿ. ಕ್ಯಾರೆಟ್ ಮೊಲದ ಮುಖ್ಯ ಆಹಾರ ಎಂಬ ನಂಬಿಕೆ ಕಾರ್ಟೂನಿನಿಂದ ಬಂದದ್ದು. ಗೆಡ್ಡೆಯಲ್ಲಿ ಸಕ್ಕರೆ ಜಾಸ್ತಿ, ತೆಳ್ಳನೆಯ ಒಂದು ಬಿಲ್ಲೆ ಸಾಕು. ಅದರ ಸೊಪ್ಪು ಧಾರಾಳವಾಗಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್ ಹತ್ತಿರವೂ ಸುಳಿಯಬಾರದು. ನೀರು ಅಗಲ ಬಟ್ಟಲಲ್ಲಿರಲಿ.

ಹುಲ್ಲಿನ ಹತ್ತಿರ ಆಸೆಯಿಂದ ಹೋಗಿ, ಕಚ್ಚಿ, ಬೀಳಿಸುತ್ತಿದ್ದರೆ, ಜೊಲ್ಲಿನಿಂದ ಗದ್ದ ಒದ್ದೆಯಾಗಿದ್ದರೆ ಅದು ಹಟವಲ್ಲ, ಹಲ್ಲುನೋವು. ಮೊಲ ನೋಡಿ ಅಭ್ಯಾಸವಿರುವ ಪಶುವೈದ್ಯರು ಎಲ್ಲೆಡೆ ಸಿಗುವುದಿಲ್ಲ. ಅಂಥವರ ಫೋನ್ ನಂಬರನ್ನು ಇಂದೇ ಬರೆದಿಟ್ಟುಕೊಳ್ಳಿ. ಮೊಲ ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಮುದುಡಿ ಕೂತಿದ್ದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಅವರ ಬಳಿಗೆ ಒಯ್ಯಿರಿ.