ಹೆಸರನ್ನು ಎರಡು ಸಲ ಕೇಳು

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಪಿಯುಸಿ ಮುಗಿಯಿತು, ಪತ್ರಿಕೋದ್ಯಮವನ್ನೋ ಸಿನಿಮಾವನ್ನೋ ಓದುವ ಆಸೆ, ಮನೆಯಲ್ಲಿ ಬಿ.ಕಾಂ. ಸೇರು ಎನ್ನುತ್ತಿದ್ದಾರೆ ಎಂದು ಬರೆದಿದ್ದೀಯ. ಮೊಬೈಲ್ ಇದ್ದವರೆಲ್ಲ ವಿಡಿಯೊ ಮಾಡಿ ಸುದ್ದಿ ಹೇಳುವಾಗ ಇದನ್ನು ಮೂರು ವರ್ಷ ಕೂತು ಓದಬೇಕೇ ಎಂದು ನಿಮ್ಮಪ್ಪ ಕೇಳಿದರಂತೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಿನ್ನ ವಯಸ್ಸಿನ ಇನ್ನೂ ಕೆಲವರು ನನ್ನನ್ನು ಇದನ್ನೇ ಕೇಳಿದ್ದಾರೆ. ಅದಕ್ಕೇ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ತಪ್ಪು ಹೇಳುತ್ತೇನೆ. ಪತ್ರಿಕೆಯ ಡೆಸ್ಕಿಗೆ ಸೇರಿದ ಎರಡನೇ ವರ್ಷ. ರಾತ್ರಿ ಹನ್ನೊಂದೂವರೆಗೆ ಬಸ್ ಅಪಘಾತದ ಸುದ್ದಿ ಬಂತು. ಬಾತ್ಮೀದಾರರು ಫೋನಿನಲ್ಲಿ ಸತ್ತವರ ಹೆಸರು ಓದುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಲೈನಿನಲ್ಲಿ ಗರಗರ ಸದ್ದು, ಇತ್ತ ಪುಟ ಕಳಿಸುವ ಅವಸರ. ಒಂದು ಹೆಸರಿನ ಇನಿಷಿಯಲ್ಲನ್ನು ತಿರುಗಿ ಕೇಳಲಿಲ್ಲ. ಆ ಊರಿನಲ್ಲಿ ಅದೇ ಹೆಸರಿನವರು ಇಬ್ಬರಿದ್ದರು. ದೂರದ ಊರಿಗೆ ಕೂಲಿಗೆ ಹೋಗಿ ಚೆನ್ನಾಗಿಯೇ ಇದ್ದ ಮಗ ಸತ್ತನೆಂದು ಒಬ್ಬ ತಾಯಿ ಬೆಳಿಗ್ಗೆಯಿಂದ ಸಂಜೆಯವರೆಗೆ ಎದೆ ಬಡಿದುಕೊಂಡು ಅತ್ತಳು. ಮರುದಿನ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ, ಇಂದಿಗೂ ನನ್ನ ಬಳಿ ಇದೆ.

ನಾನು ಪತ್ರಿಕೋದ್ಯಮ ಓದಿ ಬಂದವಳಲ್ಲ. ಕೆಲಸ ಮಾಡುತ್ತಲೇ ಕಲಿತೆ. ನಾನು ಕಲಿತದ್ದಕ್ಕೆ ಬೆಲೆ ತೆತ್ತವಳು ಆ ತಾಯಿ. ಓದಿ ಬಂದವರು ತಪ್ಪು ಮಾಡುವುದಿಲ್ಲ ಎಂದಲ್ಲ. ಆದರೆ ಕಾಲೇಜಿನ ಪತ್ರಿಕೋದ್ಯಮ ವಿಭಾಗದಲ್ಲಿ ವಿದ್ಯಾರ್ಥಿಗಳೇ ತರುವ ಪ್ರಾಯೋಗಿಕ ಪತ್ರಿಕೆಯಲ್ಲಿ ನೀನು ಹೆಸರು ತಪ್ಪಿದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾರೆ, ಇನ್ನೊಂದು ಸಲ ಹೋಗಿ ಕೇಳಿಕೊಂಡು ಬಾ ಎನ್ನುತ್ತಾರೆ. ಯಾರ ಮನೆಯಲ್ಲೂ ಅಳು ಏಳುವುದಿಲ್ಲ. ಯಾರಿಗೂ ನೋವಾಗದಂತೆ ತಪ್ಪಿ, ತಿದ್ದಿಕೊಳ್ಳಲು ಸಿಗುವ ಮೂರು ವರ್ಷ ಅದು. ನಿಮ್ಮಪ್ಪನಿಗೆ ಇಷ್ಟನ್ನು ಓದಿ ಹೇಳು.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠ ಶುರು ಮಾಡಿದ್ದು 1951ರಲ್ಲಿ. ನಡುವಿನ ನೂರೆಂಟು ವರ್ಷ ಕನ್ನಡದ ಪತ್ರಕರ್ತರು ಹೆಚ್ಚಾಗಿ ಕೆಲಸದಲ್ಲೇ ಕಲಿತರು. ಆ ದಾರಿಯಲ್ಲಿ ಡಿ.ವಿ.ಜಿ. ಅಂಥವರೂ ಬಂದರು, ನಿಜ. ಮೆಟ್ರಿಕ್ ದಾಟದ ಅವರು ತಾವಾಗಿ ಕೂತು ಓದಿದ್ದು ನಾಲ್ಕು ಪದವಿಗಾಗುವಷ್ಟು. ಅವರ 'ವೃತ್ತಪತ್ರಿಕೆ' ಪುಸ್ತಕವನ್ನು ಕಾಲೇಜು ತೆರೆಯುವ ಮೊದಲೇ ಹುಡುಕಿ ಓದು.

ಓದು ಬೇಕೆಂಬ ಮಾತು ಸಿನಿಮಾಕ್ಕೂ ಸಲ್ಲುತ್ತದೆ. ಮೈಸೂರಿನ ವಿ.ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಮುಂಬೈಗೆ ಹೋದವರು. ಅವರು ಛಾಯಾಗ್ರಹಣ ಮಾಡಿದ ಗುರುದತ್ತರ 'ಕಾಗಜ್ ಕೆ ಫೂಲ್' 1959ರ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೊದೊಳಗೆ ಮೇಲಿನಿಂದ ಬೆಳಕಿನ ಕೋಲು ಇಳಿಯುತ್ತದೆ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅದನ್ನು ತಂದರು. ಕನ್ನಡಿ ಎಲ್ಲರ ಮನೆಯಲ್ಲೂ ಇದೆ, ಬಿಸಿಲಿಗೆ ಕಾಸು ಕೊಡಬೇಕಿಲ್ಲ. ಬೆಳಕಿನ ನಡೆ ಗೊತ್ತಿದ್ದವರಿಗೆ ಅವೆರಡನ್ನು ಕೂಡಿಸಲು ಹೊಳೆಯಿತು. ಛಾಯಾಗ್ರಾಹಕರೊಬ್ಬರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೊದಲ ಬಾರಿಗೆ ಸಂದದ್ದು ಮೂರ್ತಿಯವರಿಗೇ. ಆ ಹಾಡನ್ನು ಒಂದು ಸಲ ಕಿವಿಯಿಂದ ಕೇಳು. ಆಮೇಲೆ ಸದ್ದು ಮುಚ್ಚಿ ಹತ್ತು ಸಲ ನೋಡು, ಬೆಳಕು ಎಲ್ಲಿಂದ ಬಂದು ಯಾರ ಮೇಲೆ ಬೀಳುತ್ತದೆ ಎಂದು ಬರೆದಿಡು. ಕೈಯಲ್ಲಿರುವ ಮೊಬೈಲು, ಎಡಿಟಿಂಗ್ ಸಾಫ್ಟ್‌ವೇರು ಎರಡು ವರ್ಷಕ್ಕೆ ಹಳತಾಗುತ್ತವೆ. ಹೀಗೆ ನೋಡಿ ಪಳಗಿದ ಕಣ್ಣು ಹಳತಾಗುವುದಿಲ್ಲ.

ಮನೆಯವರು ಒಪ್ಪದೆ ಬಿ.ಕಾಂ.ಗೇ ಸೇರಬೇಕಾಗಿ ಬಂದರೆ ಕೈಚೆಲ್ಲಬೇಡ. ಗಿರೀಶ ಕಾಸರವಳ್ಳಿಯವರು ಔಷಧ ವಿಜ್ಞಾನದ ಪದವಿ ಮುಗಿಸಿದ ಮೇಲೆ ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿಗೆ ಹೋದವರು. ಅವರ ಮೊದಲ ಕಥಾಚಿತ್ರ 'ಘಟಶ್ರಾದ್ಧ'ಕ್ಕೆ ಸ್ವರ್ಣಕಮಲ ಬಂತು. ಬಿ.ಕಾಂ. ಓದೂ ವ್ಯರ್ಥವಲ್ಲ; ಲೆಕ್ಕಪತ್ರ ಓದಲು ಬರುವ ವರದಿಗಾರ್ತಿಗೆ ಪಂಚಾಯಿತಿಯ ಬಿಲ್ಲು ತಾನಾಗಿ ಮಾತಾಡುತ್ತದೆ.

ಸೇರುವ ಮುನ್ನ ವಿಭಾಗಕ್ಕೆ ಹೋಗಿ ನೋಡು. ಪ್ರಾಯೋಗಿಕ ಪತ್ರಿಕೆ ಕಳೆದ ವರ್ಷ ಎಷ್ಟು ಸಲ ಬಂತು, ಕ್ಯಾಮೆರಾ ಬೀರುವಿನಲ್ಲಿದೆಯೋ ಹುಡುಗರ ಕೈಯಲ್ಲಿದೆಯೋ ಎಂದು ಹಿರಿಯ ವಿದ್ಯಾರ್ಥಿಗಳನ್ನೇ ಕೇಳು. ಥಳುಕಿನ ಕಟ್ಟಡ ನೋಡಿ ಲಕ್ಷಗಟ್ಟಲೆ ಸಾಲ ಮಾಡಿಸಬೇಡ. ಈ ವೃತ್ತಿಯ ಮೊದಲ ವರ್ಷಗಳ ಸಂಬಳದಲ್ಲಿ ಅಂಥ ಸಾಲ ತೀರುವುದಿಲ್ಲ. ಕಲಿಯಲು ದುಬಾರಿ ಕಾಲೇಜೇ ಬೇಕಿಲ್ಲ: ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು ಎನ್ನುತ್ತದೆ ಕಾಯಿದೆ. ಮೊದಲ ವರ್ಷದಲ್ಲೇ ನಿಮ್ಮೂರ ಸರ್ಕಾರಿ ಆಸ್ಪತ್ರೆಯ ಔಷಧಿ ದಾಸ್ತಾನಿನ ಬಗ್ಗೆ ಒಂದು ಅರ್ಜಿ ಹಾಕು. ಉತ್ತರ ಬರಲಿ, ಬಾರದಿರಲಿ, ಸರ್ಕಾರ ಹೇಗೆ ನಡೆಯುತ್ತದೆ ಎಂಬುದು ಅದರಲ್ಲೇ ತಿಳಿಯುತ್ತದೆ.

ಕಾಲೇಜು ತೆರೆಯಲು ಇನ್ನೂ ದಿನವಿದೆ. ನಿಮ್ಮೂರಲ್ಲಿ ಗ್ರಾಮಸಭೆ ನಡೆದರೆ ಮೊದಲಿನಿಂದ ಕೊನೆಯವರೆಗೆ ಕೂತು, ಮುನ್ನೂರು ಪದದಲ್ಲಿ ವರದಿ ಬರೆದು ನನಗೆ ಕಳಿಸು. ಮಾತಾಡಿದವರ ಹೆಸರು, ಇನಿಷಿಯಲ್ಲು ಎರಡನ್ನೂ ಅವರ ಬಾಯಿಂದಲೇ ಎರಡು ಸಲ ಕೇಳಿ ಬರೆ.

ನಿನ್ನ ದೊಡ್ಡಮ್ಮ