ಪೆರೆಸ್ ಬದುಕನ್ನು ಬರೆಯುವವರಿಗೆ

ಪತ್ರಿಕೆಯ ವಿದೇಶ ವಿಭಾಗದಲ್ಲಿ ಕೂತವರು ಹಿರಿಯ ನಾಯಕರ ವ್ಯಕ್ತಿಚಿತ್ರ ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ನನ್ನನ್ನು ಹೆಚ್ಚು ದುಡಿಸಿಕೊಂಡ ಫೈಲು ಇಸ್ರೇಲ್‌ನ ಶಿಮೊನ್ ಪೆರೆಸ್ ಅವರದು (1923–2016). ಎಷ್ಟು ತಿದ್ದಿದರೂ ಮುಗಿಯುತ್ತಿರಲಿಲ್ಲ, ಆಸಾಮಿ ನಿವೃತ್ತಿಯಾದರೆ ತಾನೆ!

1. ನೊಬೆಲ್ ಶಾಂತಿ ಪ್ರಶಸ್ತಿಯಿಂದ ಶುರು ಮಾಡಬೇಡಿ. ಆಗಿನ ಪ್ರಧಾನಿ ರಾಬಿನ್, ಪ್ಯಾಲೆಸ್ಟೀನ್ ನಾಯಕ ಅರಾಫತ್ ಜೊತೆ ಅದು ಬಂದದ್ದು 1994ರಲ್ಲಿ. ಪೆರೆಸ್ 1953ರಲ್ಲೇ, ಇನ್ನೂ ಮೂವತ್ತರ ಆಸುಪಾಸಿನಲ್ಲಿ, ರಕ್ಷಣಾ ಸಚಿವಾಲಯದ ಮಹಾನಿರ್ದೇಶಕ. ಫ್ರಾನ್ಸ್‌ನಿಂದ ಶಸ್ತ್ರಾಸ್ತ್ರ ತಂದದ್ದು, ಈಜಿಪ್ಟ್ ಮೇಲಿನ 1956ರ ಸೂಯೆಜ್ ದಾಳಿಯ ಗುಟ್ಟಿನ ಮಾತುಕತೆಯಲ್ಲಿ ಕೂತದ್ದು, ದಿಮೋನಾ ಪರಮಾಣು ಸ್ಥಾವರಕ್ಕೆ ಫ್ರೆಂಚರನ್ನು ಒಪ್ಪಿಸಿದ್ದು ಎಲ್ಲ ಅವರೇ. ‘ಬಂದೂಕು ಬಿಟ್ಟು ಶಾಂತಿ ಹಿಡಿದವರು’ ಎಂಬ ಶೀರ್ಷಿಕೆ ಸಲೀಸಾಗಿ ಸಿಗುತ್ತದೆ, ನನಗದು ಒಪ್ಪಿಗೆಯಿಲ್ಲ. ಬಲವಿದ್ದವನ ಜೊತೆಗೇ ಎದುರಾಳಿ ಮಾತಿಗೆ ಕೂರುತ್ತಾನೆ ಎಂಬುದು ಅವರ ಲೆಕ್ಕ. ಪ್ಯಾಲೆಸ್ಟೀನಿಯರ ಜೊತೆಗಿನ ಓಸ್ಲೋ ಒಪ್ಪಂದಕ್ಕೆ ದಾರಿ ಮಾಡಿದ್ದು ದಿಮೋನಾ ಎಂದು ಅವರೇ ಹೇಳಿಕೊಂಡಿದ್ದುಂಟು. ಆದರೆ 1970ರ ದಶಕದಲ್ಲಿ ರಕ್ಷಣಾ ಸಚಿವರಾಗಿ ವೆಸ್ಟ್ ಬ್ಯಾಂಕಿನ ಯಹೂದಿ ವಸಾಹತುಗಳಿಗೆ ಕೊಟ್ಟ ಬೆಂಬಲ ಈ ಲೆಕ್ಕಕ್ಕೂ ಹೊಂದುವುದಿಲ್ಲ. ಹೊಂದಿಸಲು ಹೋಗದೆ ಹಾಗೇ ಬರೆಯಿರಿ.

2. ಸೋಲುಗಳನ್ನು ಅಡಿಟಿಪ್ಪಣಿಗೆ ತಳ್ಳಬೇಡಿ. 1977, 1981, 1988ರ ಚುನಾವಣೆಗಳಲ್ಲಿ ಗೆಲುವು ಕೈತಪ್ಪಿತು. ರಾಬಿನ್ ಹತ್ಯೆಯ ನಂತರದ 1996ರ ಚುನಾವಣೆಯಲ್ಲಿ ನೆತನ್ಯಾಹು ಎದುರು ಶೇ 1ಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ಮರುವರ್ಷ ಪಕ್ಷದ ಸಮಾವೇಶದಲ್ಲಿ, ‘ನಾನೇನು ಸೋಲುವವನೇ?’ ಎಂದು ಕೇಳಿದರೆ ಸಭೆಯಿಂದ ‘ಹೌದು’ ಎಂಬ ಕೂಗು! 2000ದಲ್ಲಿ ದೇಶದ ಅಧ್ಯಕ್ಷ ಸ್ಥಾನವೂ ಸಿಗಲಿಲ್ಲ. 2007ರಲ್ಲಿ ಸಿಕ್ಕಿತು, ಎಂಬತ್ತು ದಾಟಿದ ಮೇಲೆ.

3. ಸಪ್ಪೆ ಅಧ್ಯಾಯ ಬಿಡಬೇಡಿ. 1984ರಲ್ಲಿ ಎದುರಾಳಿ ಪಕ್ಷದ ಶಮೀರ್ ಜೊತೆ ಸರದಿಯ ಮೇಲೆ ಪ್ರಧಾನಿಯಾದಾಗ ಹಣದುಬ್ಬರ ಶೇಕಡಾ ನೂರಾರು. 1985ರಲ್ಲಿ ಸಬ್ಸಿಡಿ ಕತ್ತರಿಸಿ, ಬೆಲೆ ಮತ್ತು ಸಂಬಳ ಎರಡನ್ನೂ ಹಿಡಿದಿಟ್ಟು, ಕಾರ್ಮಿಕ ಒಕ್ಕೂಟವನ್ನು ಒಪ್ಪಿಸಿದರು. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಆಡಳಿತ ಇದೇ. ಫೋಟೊ ಮಾತ್ರ ಸಿಗುವುದಿಲ್ಲ.

4. ಗಡಿಯಾಚೆ ವಿಚಾರಿಸಿ. ಲೆಬನಾನಿನಲ್ಲಿ ಪೆರೆಸ್ ಎಂದರೆ ಕಾನಾ. 1996ರ ಏಪ್ರಿಲ್‌ನಲ್ಲಿ, ಅವರು ಪ್ರಧಾನಿಯಾಗಿದ್ದಾಗ, ಅಲ್ಲಿನ ವಿಶ್ವಸಂಸ್ಥೆ ನೆಲೆಯಲ್ಲಿ ಆಶ್ರಯ ಪಡೆದಿದ್ದ ನೂರಕ್ಕೂ ಹೆಚ್ಚು ನಾಗರಿಕರು ಇಸ್ರೇಲಿ ಶೆಲ್ ದಾಳಿಗೆ ಬಲಿಯಾದರು. 2016ರಲ್ಲಿ ಅವರ ಅಂತ್ಯಕ್ರಿಯೆಗೆ ಪ್ಯಾಲೆಸ್ಟೀನ್‌ನ ಮಹಮೂದ್ ಅಬ್ಬಾಸ್ ಬಂದರು. ಇಸ್ರೇಲ್ ಸಂಸತ್ತಿನದೇ ಅರಬ್ ಮೈತ್ರಿಕೂಟದ ಸದಸ್ಯರು ಹೋಗಲಿಲ್ಲ.