ನಮ್ಮ ಶಾಲೆಗೆ ಮಾಷ್ಟ್ರು ಬರುವ ದಾರಿ

ಜೂನ್ ಬಂತೆಂದರೆ ಮುಂಡಾಜೆಯ ಸೋಮಂತಡ್ಕದಲ್ಲಿ ಬಸ್ಸಿಗೆ ಕಾಯುತ್ತಾ ಕೊಡೆ ಮಡಚಿ ನಿಂತ ತಾಯಂದಿರ ಬಾಯಲ್ಲಿ ಒಂದೇ ಮಾತು: ‘ಈ ವರ್ಷವಾದರೂ ಗಣಿತಕ್ಕೆ ಮಾಷ್ಟ್ರು ಬರ್ತಾರಾ?’ ಪಕ್ಕದವರದ್ದೂ ಪ್ರತಿ ವರ್ಷದ ಉತ್ತರವೇ: ‘ಸರಕಾರ ಕೊಡ್ಬೇಕಲ್ಲ.’ ಸರಕಾರವೇ ಕೊಡಬೇಕು, ನಿಜ. ಆದರೆ ಸರಕಾರ ಎಂದರೆ ಯಾವ ಕಚೇರಿ, ಯಾವ ಮೇಜು, ಯಾವ ಕಡತ? ಇಷ್ಟು ಗೊತ್ತಾದರೆ ಮುಂಡಾಜೆಯಂಥ ಊರಿನ ಪೋಷಕರು ಮಾಡಬಹುದಾದ ಕೆಲಸ ಸಾಕಷ್ಟಿದೆ.

ಒಂದು ವಿಷಯ ಮೊದಲೇ ಸ್ಪಷ್ಟವಿರಲಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೊಂದು ಶಾಲಾ ಜಿಲ್ಲೆಗೂ ತನ್ನದೇ ಮಂಡಳಿ ಇರುತ್ತದೆ, ಅದೇ ಶಿಕ್ಷಕರನ್ನು ನೇಮಿಸಿ ಸಂಬಳ ಕೊಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಗ್ರಾಮ ಪಂಚಾಯಿತಿಗಾಗಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗಾಗಲಿ ಒಬ್ಬ ಖಾಯಂ ಶಿಕ್ಷಕರನ್ನೂ ನೇಮಿಸುವ ಅಧಿಕಾರವಿಲ್ಲ. ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ ಪ್ರಾಧಿಕಾರಿ ಜಿಲ್ಲೆಯ ಉಪನಿರ್ದೇಶಕರು, ಅಂದರೆ ಮಂಗಳೂರಿನ ಡಿಡಿಪಿಐ. ಅವರ ಕೆಳಗೆ ದಕ್ಷಿಣ ಕನ್ನಡದಲ್ಲಿ ಏಳು ಶೈಕ್ಷಣಿಕ ವಲಯಗಳಿವೆ: ಮಂಗಳೂರು ಉತ್ತರ, ಮಂಗಳೂರು ದಕ್ಷಿಣ, ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ, ಪುತ್ತೂರು, ಸುಳ್ಯ. ಮುಂಡಾಜೆಯ ಶಾಲೆಗಳ ಕಡತ ಇರುವುದು ಬೆಳ್ತಂಗಡಿಯ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಯಲ್ಲಿ. ಪ್ರಾಥಮಿಕ ಶಿಕ್ಷಕರ ಸೇವಾ ಪುಸ್ತಕ, ರಜೆ, ವೇತನ ಬಡ್ತಿ, ತಿಂಗಳ ಸಂಬಳದ ಬಿಲ್ಲು ಎಲ್ಲವೂ ಅಲ್ಲೇ. ನಾವು ಶಾಲೆಯಲ್ಲಿ ಆಗಾಗ ಕಾಣುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಇರುವುದು ಕಲಿಕೆಗೆ ಬೆಂಬಲ ಕೊಡಲು. ಅವರಲ್ಲಿ ಹುದ್ದೆ ಕೇಳಿ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಹುದ್ದೆ ಎಷ್ಟು ಎಂದು ತಿಳಿಯಿರಿ

ಮುಖ್ಯ ಶಿಕ್ಷಕರಲ್ಲಿ ಮೂರು ಸಂಖ್ಯೆ ಕೇಳಿ: ಮಂಜೂರಾದ ಹುದ್ದೆ ಎಷ್ಟು, ಕೆಲಸ ಮಾಡುತ್ತಿರುವವರು ಎಷ್ಟು, ಖಾಲಿ ಎಷ್ಟು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಬೇರೆ ಶಾಲೆಗೆ ನಿಯೋಜನೆಯ ಮೇಲೆ ಹೋದ ಟೀಚರು ಲೆಕ್ಕದಲ್ಲಿ ನಿಮ್ಮ ಶಾಲೆಯಲ್ಲೇ ಇರುತ್ತಾರೆ. ಅಂದರೆ ತರಗತಿ ಖಾಲಿ ಇದ್ದರೂ ಹುದ್ದೆ ಭರ್ತಿ. ಆಗ ‘ನಮಗೆ ಶಿಕ್ಷಕರು ಬೇಕು’ ಎಂದು ಬರೆದರೆ ‘ಹುದ್ದೆ ಖಾಲಿ ಇಲ್ಲ’ ಎಂಬ ಉತ್ತರವೇ ಬರುತ್ತದೆ. ಅಂಥಲ್ಲಿ ಕೇಳಬೇಕಾದದ್ದು ನಿಯೋಜನೆ ರದ್ದು ಮಾಡಿ ಎಂದು.

ಹುದ್ದೆಯ ಬೇರು ಇರುವುದು ಮಕ್ಕಳ ಸಂಖ್ಯೆಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳ ವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರಂತೆ. ವಿಜ್ಞಾನ ಮತ್ತು ಗಣಿತ, ಸಮಾಜ, ಭಾಷೆ ಈ ಮೂರಕ್ಕೂ ಕನಿಷ್ಠ ಒಬ್ಬೊಬ್ಬರು. 60 ಇದ್ದಲ್ಲಿ 61 ಆದರೆ ಇನ್ನೊಬ್ಬ ಶಿಕ್ಷಕರಿಗೆ ಹಕ್ಕು ಹುಟ್ಟುತ್ತದೆ. ಒಂದು ಮಗುವಿನ ದಾಖಲಾತಿ ಇಷ್ಟು ತೂಗುತ್ತದೆ ಎಂದು ಊರಿನಲ್ಲಿ ಎಷ್ಟು ಜನರಿಗೆ ಗೊತ್ತು? ಈ ಎಣಿಕೆಗೆ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಯಾಟ್ಸ್ ಜಾಲತಾಣದಲ್ಲಿ ನಮೂದಾದ ಮಕ್ಕಳೇ ಆಧಾರ. ಆದ್ದರಿಂದ ಮಗುವನ್ನು ಸೇರಿಸಿದ ಮೇಲೆ ಸ್ಯಾಟ್ಸ್ ಸಂಖ್ಯೆ ಈ ಶಾಲೆಗೆ ವರ್ಗವಾಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು.

ಇದೇ ಲೆಕ್ಕ ಉಲ್ಟಾ ಹೊಡೆಯುವುದೂ ಉಂಟು. ಮಕ್ಕಳು ಕಡಿಮೆಯಾದರೆ ಒಬ್ಬರು ‘ಹೆಚ್ಚುವರಿ ಶಿಕ್ಷಕ’ರಾಗುತ್ತಾರೆ, ಅವರನ್ನು ಅಗತ್ಯವಿರುವ ಇನ್ನೊಂದು ಶಾಲೆಗೆ ಕಳಿಸುತ್ತಾರೆ. ಹೆಚ್ಚುವರಿ ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ. ಎಣಿಕೆಯಲ್ಲಿ ತಪ್ಪಿದ್ದರೆ ಮುಖ್ಯ ಶಿಕ್ಷಕರು ಆಗಲೇ ದಾಖಲೆ ಸಮೇತ ಬರೆಯಬೇಕು.

ಒಂದರಿಂದ ಐದಕ್ಕೆ ಇಬ್ಬರೇ ಶಿಕ್ಷಕರು ಎಂದರೆ ಏನೆಂದು ಒಂದು ದಿನ ಶಾಲೆಯ ಜಗಲಿಯಲ್ಲಿ ಕುಳಿತು ನೋಡಿದ್ದೇನೆ. ಒಬ್ಬ ಟೀಚರು ಒಂದು, ಎರಡು, ಮೂರನೆಯ ಮಕ್ಕಳನ್ನು ನಲಿಕಲಿ ಕೋಣೆಯಲ್ಲಿ ಕೂರಿಸಿದ್ದರು. ನಾಲ್ಕು, ಐದಕ್ಕೆ ಮುಖ್ಯ ಶಿಕ್ಷಕರು. ಹನ್ನೊಂದು ಗಂಟೆಗೆ ಅವರು ಬೆಳ್ತಂಗಡಿಯ ಸಭೆಗೆ ಹೊರಟರು. ಕಪ್ಪು ಹಲಗೆಯ ಮೇಲೆ ಅರ್ಧ ಮಾಡಿದ ಭಾಗಾಕಾರ ಹಾಗೇ ಉಳಿಯಿತು. ಟೀಚರು ಎರಡೂ ಕೋಣೆಯ ನಡುವಿನ ಬಾಗಿಲಲ್ಲಿ ನಿಂತು ಐದೂ ತರಗತಿ ನೋಡಿದರು. ಬಿಸಿಯೂಟದ ಲೆಕ್ಕವೂ ಆ ದಿನ ಅವರದ್ದೇ. ಸಂಜೆ ಗಂಟೆ ಹೊಡೆದಾಗಲೂ ಆ ಭಾಗಾಕಾರ ಅಲ್ಲಿಗೇ ನಿಂತಿತ್ತು.

ಎರಡನೆಯ ಹೆಜ್ಜೆ: ಖಾಲಿ ಹುದ್ದೆ ತುಂಬುವ ಮೂರು ದಾರಿ

ಮೊದಲನೆಯದು ಹೊಸ ನೇಮಕಾತಿ. ಇದು ರಾಜ್ಯ ಮಟ್ಟದಲ್ಲಿ ನಡೆಯುತ್ತದೆ: ಅಧಿಸೂಚನೆ, ಪರೀಕ್ಷೆ, ಜಿಲ್ಲಾವಾರು ಆಯ್ಕೆ ಪಟ್ಟಿ, ಕೌನ್ಸೆಲಿಂಗ್‌ನಲ್ಲಿ ಸ್ಥಳ ಆಯ್ಕೆ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ನಡೆಯಿತು. ಇಂಥದ್ದು ವರ್ಷ ವರ್ಷ ಆಗುವುದಿಲ್ಲ, ಹಾಗಾಗಿ ಇದನ್ನೇ ನಂಬಿ ಕೂರಬೇಡಿ.

ಎರಡನೆಯದು ವರ್ಗಾವಣೆ. 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆಯಡಿ ಇದು ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ವರ್ಗಾವಣೆಗೆಂದೇ ಶಾಲೆಗಳನ್ನು ಎ, ಬಿ, ಸಿ ವಲಯಗಳೆಂದು ವಿಂಗಡಿಸಿದ್ದಾರೆ. ಕೋರಿಕೆ, ಪರಸ್ಪರ, ವಲಯ ವರ್ಗಾವಣೆ ಎಂದು ಹಲವು ಬಗೆ. ನಮ್ಮ ಜಿಲ್ಲೆಯಲ್ಲಿ ಉತ್ತರ ಕರ್ನಾಟಕದಿಂದ ಬಂದ ಶಿಕ್ಷಕರು ಬಹಳ ಮಂದಿ. ಈ ಮಳೆಗೆ, ಈ ಏರಿಳಿತದ ದಾರಿಗೆ ಒಗ್ಗಿ, ತುಳು ಕಲಿತು ಪಾಠ ಮಾಡಿದವರು. ವಯಸ್ಸಾದ ಅಪ್ಪ ಅಮ್ಮನ ಬಳಿ ಹೋಗಬೇಕೆಂದು ಅವರು ಅರ್ಜಿ ಹಾಕಿದರೆ ತಪ್ಪು ಹಿಡಿಯುವಂತಿಲ್ಲ. ಜಿಲ್ಲೆ ಬದಲಿಸಿದರೆ ಅವರ ಹಿರಿತನವೂ ಹೋಗುತ್ತದೆ, ಹೊಸ ಜಿಲ್ಲೆಯ ಪಟ್ಟಿಯಲ್ಲಿ ಕೊನೆಯವರಾಗುತ್ತಾರೆ. ಅಷ್ಟು ಕಳೆದುಕೊಂಡೂ ಹೋಗುವವರನ್ನು ಪ್ರೀತಿಯಿಂದಲೇ ಬೀಳ್ಕೊಡೋಣ. ಪೋಷಕರ ಕೆಲಸ ಬೇರೆಯೇ ಇದೆ. ಬಿಡುಗಡೆ ಆದೇಶ ಬಂದ ದಿನವೇ, ಬದಲಿ ವ್ಯವಸ್ಥೆ ಕೋರಿ ಮುಖ್ಯ ಶಿಕ್ಷಕರ ಪತ್ರ ಬಿಇಒ ಕಚೇರಿಗೆ ತಲುಪಿದೆಯೇ ಎಂದು ನೋಡಿಕೊಳ್ಳಬೇಕು.

ಮೂರನೆಯದು ಅತಿಥಿ ಶಿಕ್ಷಕರು. ಇಲ್ಲಿ ಮಾತ್ರ ಊರವರ ಕೈ ನೇರವಾಗಿ ಇದೆ. ಇಲಾಖೆ ತಾಲೂಕಿಗೆ ಇಷ್ಟು ಎಂದು ಸಂಖ್ಯೆ ಕೊಡುತ್ತದೆ, ಬಿಇಒ ಅದನ್ನು ಖಾಲಿ ಹುದ್ದೆ ನೋಡಿ ಶಾಲೆಗಳಿಗೆ ಹಂಚುತ್ತಾರೆ. ಮುಖ್ಯ ಶಿಕ್ಷಕರು ಎಸ್‌ಡಿಎಂಸಿ ಜತೆ ಸೇರಿ, ಆ ವರ್ಷದ ಸುತ್ತೋಲೆಯ ಅರ್ಹತೆ ನೋಡಿ ಆಯ್ಕೆ ಮಾಡುತ್ತಾರೆ. ಹಂಚಿಕೆ ಆಗುವ ಮೊದಲೇ ನಿಮ್ಮ ಬೇಡಿಕೆ ಕಚೇರಿಯಲ್ಲಿರಬೇಕು. ಅಂದರೆ ಮೇ ತಿಂಗಳಲ್ಲಿ. ಜುಲೈಯಲ್ಲಿ ಹೋದವರಿಗೆ ಉಳಿಯುವುದು ‘ಮುಂದಿನ ಆದೇಶ ಬರಲಿ’ ಎಂಬ ಮಾತು. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 10,000 ರೂಪಾಯಿ ಇತ್ತು, 2025-26ರ ಬಜೆಟ್‌ನಲ್ಲಿ 2,000 ಹೆಚ್ಚಿಸಿದರು. ಈ ದುಡ್ಡು ತಿಂಗಳು ತಿಂಗಳು ಕೈಸೇರದೆ ಮೂರ್ನಾಲ್ಕು ತಿಂಗಳು ಬಾಕಿ ಉಳಿದರೆ ಒಳ್ಳೆಯ ಟೀಚರು ಬೇರೆ ಕೆಲಸ ಹುಡುಕುತ್ತಾರೆ, ಪಾಪ, ಬೇರೇನು ಮಾಡಿಯಾರು? ಹಾಜರಿ ಪಟ್ಟಿ ಪ್ರತಿ ತಿಂಗಳು ತಪ್ಪದೆ ಬಿಇಒ ಕಚೇರಿಗೆ ಹೋಗುತ್ತಿದೆಯೇ ಎಂದು ವಿಚಾರಿಸುವ ಹೊಣೆಯನ್ನು ಒಬ್ಬ ಸದಸ್ಯರಿಗೆ ವಹಿಸಿ.

ಇದಲ್ಲದೆ ನಮ್ಮ ಕಡೆ ಹಳೆ ವಿದ್ಯಾರ್ಥಿ ಸಂಘದವರು, ಊರವರು ಸೇರಿ ಹಣ ಹಾಕಿ ಇಡುವ ‘ಗೌರವ ಶಿಕ್ಷಕ’ರಿದ್ದಾರೆ. ಅಡಿಕೆಗೆ ರೇಟು ಬಂದ ವರ್ಷ ದೇಣಿಗೆ ಸಲೀಸು, ಕೊಳೆರೋಗ ಬಂದ ವರ್ಷ ಕಷ್ಟ. ಇದು ದೊಡ್ಡ ಮನಸ್ಸಿನ ಕೆಲಸ. ಆದರೆ ಗೌರವ ಶಿಕ್ಷಕರು ಇದ್ದಾರೆಂದು ಖಾಲಿ ಹುದ್ದೆ ಕೇಳುವುದನ್ನು ನಿಲ್ಲಿಸಬಾರದು. ಅವರು ಸರಕಾರದ ಲೆಕ್ಕದಲ್ಲಿ ಇಲ್ಲ.

ಮೂರನೆಯ ಹೆಜ್ಜೆ: ಬರೆದೇ ಕೊಡಿ

ನಾನು ಎಸ್‌ಡಿಎಂಸಿಯಲ್ಲಿದ್ದಾಗ ಮೂರು ಸಲ ಬಸ್ಸು ಹತ್ತಿ ಕಚೇರಿಗೆ ಹೋಗಿ ಬಾಯಲ್ಲೇ ಹೇಳಿ ಬಂದೆವು. ಎಲ್ಲರೂ ಮರ್ಯಾದೆಯಿಂದಲೇ ಕೇಳಿಸಿಕೊಂಡರು. ನಾಲ್ಕನೆಯ ಸಲ ಹೋದಾಗ ಗುಮಾಸ್ತೆಯೊಬ್ಬರು ಕೇಳಿದರು: ‘ಟಪಾಲಿಗೆ ಕೊಟ್ಟಿದ್ದೀರಾ?’ ಕೊಟ್ಟಿರಲಿಲ್ಲ. ಕಾಗದವೇ ಇಲ್ಲದ ಮೇಲೆ ಕಡತ ಎಲ್ಲಿಂದ ಏಳಬೇಕು? ಆ ಒಂದು ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಬರೆಯಿರಿ. ಮನವಿಯಲ್ಲಿ ಶಾಲೆಯ ಯು-ಡೈಸ್ ಸಂಖ್ಯೆ, ತರಗತಿವಾರು ಮಕ್ಕಳು, ಮಂಜೂರಾದ ಮತ್ತು ಖಾಲಿ ಹುದ್ದೆ, ಯಾವ ವಿಷಯ, ಎಂದಿನಿಂದ ಖಾಲಿ ಇಷ್ಟನ್ನೇ ಬರೆದು ನಡಾವಳಿಯ ನಕಲು ಲಗತ್ತಿಸಿ. ಎರಡು ಪ್ರತಿ ಒಯ್ದು ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದಕ್ಕೆ ಮುದ್ರೆ, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಆಮೇಲೆ ವಿಚಾರಿಸುವುದು ಆ ನಂಬರ್ ಹಿಡಿದು, ಆ ವಿಷಯ ನಿರ್ವಾಹಕರ ಬಳಿ. ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ಪ್ರಕಾರ ಒಂದು ಶಾಲೆಯಲ್ಲಿ ಖಾಲಿ ಹುದ್ದೆ ಮಂಜೂರಾತಿಯ ಶೇ 10 ಮೀರಬಾರದು. ಮನವಿಯಲ್ಲಿ ಇದನ್ನು ಕಾಣಿಸಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಕಳಿಸಿದ್ದರೆ 27ನೇ ಕಲಂ ನೆನಪಿಸಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತೆ ಇರಬೇಕು. ‘ಯಾಕೆ ಕೊಡಲಿಲ್ಲ’ ಎಂದು ಕೇಳಬೇಡಿ. ‘ಈ ತಾರೀಕಿನ ನಮ್ಮ ಮನವಿಯ ಮೇಲೆ ಕೈಗೊಂಡ ಕ್ರಮದ ಕಡತದ ನಕಲು ಕೊಡಿ’ ಎನ್ನಿ.

ಹೊಸ ಶಿಕ್ಷಕರು ಬಂದ ಮೇಲೆ

ಆದೇಶ ಹಿಡಿದು ಬಂದವರಿಗೆ ಮೊದಲ ಸಂಬಳ ಕೂಡಲೇ ಸಿಗುವುದಿಲ್ಲ. ಕೆಜಿಐಡಿ ವಿಮೆ, ಎನ್‌ಪಿಎಸ್ ಪಿಂಚಣಿ ಖಾತೆ, ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಹೆಸರು ಎಲ್ಲ ಆಗಿ ಬಿಲ್ಲು ಖಜಾನೆಗೆ ಹೋಗಲು ಸಮಯ ಬೇಕು. ಬಳ್ಳಾರಿಯಿಂದಲೋ ವಿಜಯಪುರದಿಂದಲೋ ಬಂದ ಹುಡುಗಿಗೆ ಆ ತಿಂಗಳುಗಳಲ್ಲಿ ಬೇಕಾದದ್ದು ಶಾಲೆಯ ಹತ್ತಿರ ಒಂದು ಬಾಡಿಗೆ ಕೋಣೆ, ಮುಂಗಡ ಕೇಳದ ಮನೆಯೊಡೆಯ, ಉಜಿರೆಗೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವವರು. ಕೋಣೆಯನ್ನು ಆದೇಶ ಬರುವ ಮೊದಲೇ ನೋಡಿಟ್ಟಿರಿ.